ಟ್ರಂಕಿನೊಳಗೊಂದು ಟಾಕೀಸು!

ಗುಜರಿಗೆ ಹೋದ ಒಂದು ಖಜಾನೆಯ ಕಥೆ... ಅಂಥದ್ದೇ ಒಂದು ನಿಮ್ಮ ಮನೆಯ ಅಟ್ಟದಲ್ಲೂ ಇದ್ದೀತು!

ಬಸ್ಸಿಗೆ ಇನ್ನೂ ಹೊತ್ತಿದೆಯೇ? ಹಾಗಾದರೆ ಕೂತುಕೊಳ್ಳಿ, ಒಂದು ಕಥೆ ಹೇಳುತ್ತೇನೆ. ಕಟ್ಟುಕಥೆಯಲ್ಲ ಸ್ವಾಮಿ, ನಡೆದದ್ದು. ಇದರಲ್ಲಿ ಹೀರೋ ಇಲ್ಲ, ಹೀರೋಯಿನ್ ಇಲ್ಲ. ಫೈಟಿಂಗ್ ಒಂದೇ ಒಂದು, ಅದೂ ಅಣ್ಣ-ತಂಗಿಯ ನಡುವೆ. ಆದರೆ ಸಿನಿಮಾ ಇದೆ. ಪರದೆ ಮೇಲಿನ ಸಿನಿಮಾ ಅಲ್ಲ. ಪರದೆಯಿಂದ ಉದುರಿಬಿದ್ದ ಸಿನಿಮಾ. ಜನ ಕಸ ಅಂತ ಬಿಸಾಡಿದ್ದನ್ನು ಹೆಕ್ಕಿ ಹೆಕ್ಕಿ ಟ್ರಂಕು ತುಂಬಿಸಿದ ಒಬ್ಬ ಹುಡುಗನ ಕಥೆ. ಆ ಹುಡುಗ ಬೇರೆ ಯಾರೂ ಅಲ್ಲ, ನಾನೇ!

ಹತ್ತು ಪೈಸೆಗೆ ಒಬ್ಬ ತಾರೆ

ನನ್ನ ಹುಚ್ಚು ಶುರುವಾದದ್ದು ಬಸ್ ಸ್ಟ್ಯಾಂಡಿನಲ್ಲೇ. 1974ನೇ ಇಸವಿ. ನನಗೆ ಹತ್ತು ವರ್ಷ. ತುಮಕೂರು ಜಿಲ್ಲೆಯ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಒಂದು ತೂಕದ ಯಂತ್ರ ಇತ್ತು. ಮಿಣಮಿಣ ಅನ್ನುವ ಬಣ್ಣದ ದೀಪ, ಗಿರಗಿರ ತಿರುಗುವ ಚಕ್ರ. ಮೇಲೆ ಹತ್ತಿ ನಿಂತು ಹತ್ತು ಪೈಸೆ ಹಾಕಿದರೆ ಟಕ್ ಅಂತ ಒಂದು ದಪ್ಪ ಟಿಕೆಟ್ ಬೀಳೋದು. ಒಂದು ಕಡೆ ನಿಮ್ಮ ತೂಕ ಮತ್ತು ಭವಿಷ್ಯ. ಇನ್ನೊಂದು ಕಡೆ... ಸಿನಿಮಾ ತಾರೆಯ ಫೋಟೋ!

ಅಪ್ಪನ ಜೊತೆ ಸಂತೆಗೆ ಹೋದಾಗೆಲ್ಲ ನಾನು ತೂಕ ನೋಡಿಕೊಳ್ಳಲೇಬೇಕು. ‘ಹೋದ ವಾರ ತಾನೇ ನೋಡಿದೆಯಲ್ಲೋ, ಒಂದು ವಾರಕ್ಕೆ ನೀನೇನು ಆನೆ ಆಗ್ತೀಯಾ?’ ಅಂತ ಅಪ್ಪ ಗದರುತ್ತಿದ್ದರು. ತೂಕ ಯಾರಿಗೆ ಬೇಕಾಗಿತ್ತು? ನನಗೆ ಬೇಕಾದದ್ದು ಹಿಂಬದಿಯ ಚಿತ್ರ. ದೊಡ್ಡವರು ತೂಕ ಓದಿ ಟಿಕೆಟ್ ಬಿಸಾಡುತ್ತಿದ್ದರು. ಬಿಸಾಡಿದ್ದನ್ನು ನಾನು ಹೆಕ್ಕುತ್ತಿದ್ದೆ. ಯಾರದೋ ತೂಕ, ಯಾರದೋ ಭವಿಷ್ಯ... ತಾರೆ ಮಾತ್ರ ನನ್ನವರು!

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಗುಲಾಬಿ, ಹಳದಿ, ಹಸಿರು ಕಾಗದದ ಹ್ಯಾಂಡ್‌ಬಿಲ್ಲುಗಳು. ಸಿನಿಮಾ ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು. ಅವುಗಳ ಮೊದಲ ಪುಟದಲ್ಲಿ ‘ಕಥಾಸಾರ’ ಇರುತ್ತಿತ್ತಲ್ಲ! ನಾಯಕಿಯನ್ನು ಕೇಡಿಗಳು ಹೊತ್ತುಕೊಂಡು ಹೋಗುವವರೆಗೂ ಕಥೆ ಹೇಳಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತ ಕೈ ತೊಳೆದುಕೊಂಡುಬಿಡುತ್ತಿದ್ದರು. ಕಾಸಿಲ್ಲದೆ ಎಷ್ಟೋ ಸಿನಿಮಾಗಳನ್ನು ನಾನು ಅಷ್ಟರವರೆಗೆ ಮಾತ್ರ ‘ನೋಡಿದ್ದೇನೆ’. ಆ ನಾಯಕಿಯರನ್ನು ಬಿಡಿಸಿಕೊಂಡು ಬಂದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ!

ಟೆಂಟಿನ ಹಿಂದೆ ಚಿನ್ನದ ಗಣಿ

ನಮ್ಮೂರಿನದು ಟೂರಿಂಗ್ ಟಾಕೀಸು. ನೆಲ, ಬೆಂಚು, ಕುರ್ಚಿ, ಹೀಗೆ ಮೂರು ತರಗತಿ. ಬೆಂಗಳೂರಿನ ದೊಡ್ಡ ಥಿಯೇಟರುಗಳಲ್ಲಿ ಓಡಿ, ಜಿಲ್ಲೆ ತಾಲೂಕು ಎಲ್ಲ ಸುತ್ತಿ, ಕೊನೆಗೆ ನಮ್ಮೂರ ಟೆಂಟಿಗೆ ಬರುವ ಹೊತ್ತಿಗೆ ಪ್ರಿಂಟು ಹಣ್ಣಾಗಿರುತ್ತಿತ್ತು. ಕಥೆಯಲ್ಲಿ ಬೇಸಿಗೆ, ಪರದೆ ಮೇಲೆ ಜಡಿಮಳೆ! ಅಷ್ಟು ಗೀಚು.

ಹಣ್ಣಾದ ಪ್ರಿಂಟು ಹರಿಯುತ್ತದೆ. ಹರಿದಾಗ ನೆಲದವರು ಶಿಳ್ಳೆ ಹೊಡೆಯುತ್ತಾರೆ, ಬೆಂಚಿನವರು ಬಯ್ಯುತ್ತಾರೆ. ನಾವು ಮಾತ್ರ ಒಳಗೊಳಗೇ ಕುಣಿಯುತ್ತಿದ್ದೆವು. ಯಾಕೆ ಅಂತೀರಾ? ಹರಿದ ಜಾಗದ ಎರಡೂ ಕಡೆ ಹಾಳಾದ ನಾಲ್ಕಾರು ಚೌಕಗಳನ್ನು ಆಪರೇಟರು ಕತ್ತರಿಸಿ, ತುದಿಯ ಲೇಪ ಕೆರೆದು, ಅಂಟು ಹಾಕಿ ಕೂಡಿಸಬೇಕು. ಕತ್ತರಿಸಿದ ಚೂರು ಹಿಂದಿನ ಕಿಟಕಿಯಿಂದ ಹೊರಗೆ! ಬೆಳಗಾಗುವುದರೊಳಗೆ ನಾವು ನಾಲ್ಕೈದು ಹುಡುಗರು ಅಲ್ಲಿ ಹಾಜರು. ಫಿಲಂ ಚೂರಿನ ಜೊತೆಗೆ ಕಾರ್ಬನ್ ಕಡ್ಡಿಯ ಮೋಟುಗಳೂ ಸಿಗುತ್ತಿದ್ದವು. ಆಗ ಪ್ರೊಜೆಕ್ಟರಿಗೆ ಬೆಳಕು ಕೊಡುತ್ತಿದ್ದದ್ದು ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಕಿಡಿ. ತಾಮ್ರದ ಲೇಪ ಇದ್ದ ಆ ಮೋಟುಗಳಿಂದ ಗೋಡೆ ತುಂಬ ಗೀಚಬಹುದಿತ್ತು.

ಆ ಟೆಂಟಿನ ಆಪರೇಟರಣ್ಣನೇ ನನ್ನ ಮೊದಲ ಗುರು. ಬೀಡಿ ಸೇದುತ್ತಾ ಅವರು ಹೇಳಿಕೊಟ್ಟ ಪಾಠ ಯಾವ ಸ್ಕೂಲಿನಲ್ಲೂ ಸಿಗಲಿಲ್ಲ. ಒಂದು ಸೆಕೆಂಡಿಗೆ 24 ಚೌಕ. ಒಂದು ಅಡಿಗೆ 16 ಚೌಕ. ಅಂದರೆ ಸೆಕೆಂಡಿಗೆ ಒಂದೂವರೆ ಅಡಿ, ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾ ಅಂದರೆ ಹದಿಮೂರುವರೆ ಸಾವಿರ ಅಡಿ! ನೀವೇ ಲೆಕ್ಕ ಹಾಕಿ, ನಾಲ್ಕು ಕಿಲೋಮೀಟರಿಗೂ ಮೇಲೆ. ನಮ್ಮೂರಿಂದ ಪಕ್ಕದೂರಿನವರೆಗೆ ಹಾಸಬಹುದಿತ್ತು.

ಒಂದು ದಿನ ಕೇಳಿದೆ. ‘ಅಣ್ಣಾ, ಚೂರಿನ ಅಂಚಿನಲ್ಲಿ ಹಾವಿನ ಥರ ಒಂದು ಗೆರೆ ಇದೆಯಲ್ಲ, ಅದು ಅಂದಕ್ಕಾ?’

‘ಅಂದಕ್ಕಲ್ಲ ಕಣೋ ದಡ್ಡ, ಅದೇ ಹಾಡು! ಆ ಗೆರೆ ಅಗಲ ಆದ ಹಾಗೆ, ಸಣ್ಣ ಆದ ಹಾಗೆ ಬೆಳಕು ಹೆಚ್ಚು ಕಮ್ಮಿ ಆಗ್ತದೆ. ಬೆಳಕನ್ನ ಮಿಷನ್ನು ದನಿ ಮಾಡ್ತದೆ.’

ನಾನು ಬೆರಗಾಗಿ ಆ ಗೆರೆಯನ್ನೇ ನೋಡುತ್ತಾ ನಿಂತೆ. ಅವರು ಇನ್ನೊಂದು ಗುಟ್ಟು ಹೇಳಿದರು. ಚಿತ್ರದ ಪಕ್ಕದಲ್ಲಿ ಇರುವುದು ಅದೇ ಚಿತ್ರದ ದನಿಯಲ್ಲವಂತೆ. ಯಂತ್ರದಲ್ಲಿ ಚಿತ್ರ ತೋರಿಸುವ ಕಿಂಡಿ ಮೇಲೆ, ದನಿ ಓದುವ ಭಾಗ ಕೆಳಗೆ. ಅದಕ್ಕೇ ಸುಮಾರು 20 ಚೌಕ ಮುಂದಿನ ಕ್ಷಣದ ದನಿಯನ್ನು ಪಕ್ಕದಲ್ಲಿ ಅಚ್ಚು ಹಾಕಿರುತ್ತಾರೆ. ಅಂದರೆ ನನ್ನ ಕೈಯಲ್ಲಿದ್ದ ಚೂರಿನಲ್ಲಿ ನಾಯಕಿ ಸುಮ್ಮನೆ ನಗುತ್ತಿದ್ದಾಳೆ, ಪಕ್ಕದ ಗೆರೆಯಲ್ಲಿ ಅವಳು ಇನ್ನೂ ಆಡದ ಮಾತು ಇದೆ!

ಬಲ್ಬಿನ ಲೆನ್ಸು, ಪಂಚೆಯ ಪರದೆ

ನನ್ನ ವಾರಿಗೆಯ ಓದುಗರಿಗೆ ಇದನ್ನು ಹೇಳಬೇಕಾಗಿಲ್ಲ. ಈಗಿನ ಹುಡುಗರಿಗಾಗಿ ಹೇಳುತ್ತೇನೆ. ಹೋಗಿಬಿಟ್ಟ ಬಲ್ಬೊಂದನ್ನು ತಗೊಂಡು, ಹಿಂದಿನ ಮುಚ್ಚಳ ಬಿಡಿಸಿ, ಒಳಗಿನ ತಂತಿ ತೆಗೆದು ನೀರು ತುಂಬಿಸಬೇಕು. ಅದೇ ಲೆನ್ಸು. ರಟ್ಟಿನ ಡಬ್ಬದ ಒಂದು ಕಡೆ ತೂತು ಕೊರೆದು ಫಿಲಂ ಚೂರು ಸಿಕ್ಕಿಸಬೇಕು. ಒಬ್ಬ ಹುಡುಗ ಹೊರಗೆ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಬಿಡಬೇಕು. ಕತ್ತಲೆ ಕೋಣೆಯ ಗೋಡೆಗೆ ಅಪ್ಪನ ಬಿಳೀ ಪಂಚೆ. ಮುಗೀತು! ನಮ್ಮದೇ ಟಾಕೀಸು!

ಮೊದಲ ದಿನ ಅಣ್ಣಾವ್ರು ತಲೆಕೆಳಗಾಗಿ ನಿಂತುಬಿಟ್ಟರು. ನಮಗೆಲ್ಲ ಗಾಬರಿ. ಆಪರೇಟರಣ್ಣನ ಹತ್ತಿರ ಓಡಿದೆವು. ‘ಲೆನ್ಸು ಯಾವಾಗಲೂ ತಿರುಗಿಸಿ ತೋರಿಸ್ತದೆ ಕಣ್ರೋ, ನೀವು ಚೂರನ್ನೇ ತಲೆಕೆಳಗೆ ಹಾಕಿ’ ಅಂದರು. ಹಾಕಿದೆವು. ಅಣ್ಣಾವ್ರು ನೆಟ್ಟಗೆ ನಿಂತರು. ನಾವು ಶಿಳ್ಳೆ ಹೊಡೆದೆವು. ಪ್ರವೇಶಕ್ಕೆ ಒಂದು ಗೋಲಿ, ಇಲ್ಲವೇ ಎರಡು ಹುಣಸೆಬೀಜ.

ಚೂರುಗಳಿಗೂ ಮಾರ್ಕೆಟ್ ರೇಟ್ ಇತ್ತು! ರಾಜ್‌ಕುಮಾರ್ ಕಲರ್ ಚೂರಿಗೆ ಐದು ಗೋಲಿ. ನರಸಿಂಹರಾಜು, ಬಾಲಕೃಷ್ಣ ಇಬ್ಬರೂ ಒಂದೇ ಚೌಕದಲ್ಲಿದ್ದರೆ ನಾಲ್ಕು. ಕಣ್ಣು ಕೆಂಪು ಮಾಡಿದ ವಜ್ರಮುನಿ ಮೂರು. ಬರೀ ಮರ, ಬೆಟ್ಟ, ಕಾರು ಇದ್ದರೆ ಗೋಲಿಗೆ ಎರಡು. ಎಲ್ಲಕ್ಕಿಂತ ದುಬಾರಿ ಯಾವುದು ಗೊತ್ತಾ? ಸೆನ್ಸಾರ್ ಸರ್ಟಿಫಿಕೇಟಿನ ಚೌಕ! ಒಂದು ಪ್ರಿಂಟಿಗೆ ಒಂದೇ ಕಡೆ ಬರುವಂಥದ್ದು. ನನ್ನ ಹತ್ತಿರ ಒಂದೇ ಒಂದಿತ್ತು. ಹನ್ನೆರಡು ಗೋಲಿ ಕೊಡ್ತೀನಿ ಅಂದರೂ ನಾನು ಬಿಡಲಿಲ್ಲ.

ಎಲ್ಲವೂ ಅಪ್ಪನ ಹಳೇ ತಗಡಿನ ಟ್ರಂಕಿಗೆ ಹೋಗುತ್ತಿದ್ದವು. ಪ್ರತಿ ಕಾಗದದ ಹಿಂದೆ ಪೆನ್ಸಿಲಿನಲ್ಲಿ ತಾರೀಖು ಬರೆಯುತ್ತಿದ್ದೆ. ಯಾಕೆ ಬರೆಯುತ್ತಿದ್ದೆನೋ ಗೊತ್ತಿಲ್ಲ. ಮೇಷ್ಟ್ರು ನೋಟ್ ಬುಕ್ಕಿಗೆ ಬರೆಸುತ್ತಿದ್ದರಲ್ಲ, ಅದೇ ಅಭ್ಯಾಸ ಇರಬೇಕು.

ತಂಗಿಯ ಬಿಸ್ಕತ್ ಡಬ್ಬ

ಈಗ ಕಥೆಗೆ ಎರಡನೇ ಪಾತ್ರ ಬರುತ್ತದೆ. ನನ್ನ ತಂಗಿ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಅವಳಿಗೂ ಕೂಡಿಡುವ ಹುಚ್ಚು. ಅವಳದ್ದು ಬಿಸ್ಕತ್ತಿನ ತಗಡಿನ ಡಬ್ಬ. ಅದರಲ್ಲಿ ಏನಿತ್ತು ಅಂತ ಕೇಳಿ: ಒಡೆದ ಬಳೆ ಚೂರು, ಹರಿದ ಸರದ ಮಣಿ, ಒಂಟಿ ಗುಂಡಿಗಳು, ಬ್ಯಾಗು ಹೆಣೆದು ಉಳಿದ ಪ್ಲಾಸ್ಟಿಕ್ ವೈರು. ಮುಖ್ಯವಾಗಿ ಉಲ್ಲನ್!

ಹೊಸ ಉಲ್ಲನ್ ಕೊಡಿಸುವ ಶಕ್ತಿ ನಮ್ಮ ಮನೆಯಲ್ಲಿ ಎಲ್ಲಿತ್ತು? ಯಾರ ಮನೆಯಲ್ಲಾದರೂ ಸ್ವೆಟರ್ ಮೊಣಕೈ ಹರಿದರೆ ಅದನ್ನು ಕೇಳಿ ತರೋಳು. ಹೊಲಿಗೆ ಬಿಚ್ಚಿ, ಒಂದು ತುದಿ ಹಿಡಿದು ಸರ್ರನೆ ಎಳೆಯೋಳು. ಎಳೆ ಗುಂಗುರು ಗುಂಗುರಾಗಿ ಬರೋದು. ಅದನ್ನು ಒದ್ದೆ ಮಾಡಿ, ಕೆಳಗೆ ಒಂದು ಚೊಂಬು ಕಟ್ಟಿ ತೂಗುಹಾಕಿದರೆ ಬೆಳಗಾಗುವುದರೊಳಗೆ ನೆಟ್ಟಗೆ. ಆಮೇಲೆ ಯಾವುದಾದರೂ ಕಾಗದ ಮಡಿಸಿ, ಅದರ ಮೇಲೆ ಸುತ್ತಿ ಸುತ್ತಿ ಉಂಡೆ ಮಾಡೋಳು. ಮೆರೂನ್ ಒಂದು ಉಂಡೆ, ನೀಲಿ ಒಂದು, ಗಿಳಿಹಸಿರು ಒಂದು... ಸಾಲಾಗಿ ಜೋಡಿಸಿ ನೋಡುತ್ತಾ ಕೂರೋಳು. ಹೆಣೆದದ್ದು ಕಮ್ಮಿ, ನೋಡಿದ್ದೇ ಹೆಚ್ಚು!

‘ಏನೇ ಇದು, ಕಸದ ತೊಟ್ಟಿ!’ ಅಂತ ನಾನು ರೇಗಿಸುತ್ತಿದ್ದೆ. ನನ್ನದು ಸಂಗ್ರಹ, ಅವಳದ್ದು ಕಸ! ನೋಡಿ, ಹೇಗಿದೆ ನ್ಯಾಯ!

1979ರಲ್ಲಿ ಆ ಒಂದೇ ಒಂದು ಫೈಟಿಂಗ್ ನಡೆಯಿತು. ಆ ಕಾಲದಲ್ಲಿ ಮನೆಮನೆಯ ಬಾಗಿಲಿಗೂ ಕಾಗದದ ಮಣಿಯ ಪರದೆ ಬಂದಿತ್ತು, ನೆನಪಿದೆಯೇ? ಕ್ಯಾಲೆಂಡರಿನ ಬಣ್ಣದ ಹಾಳೆಯನ್ನು ಉದ್ದ ತ್ರಿಕೋನವಾಗಿ ಕತ್ತರಿಸಿ, ಪೊರಕೆ ಕಡ್ಡಿಗೆ ಸುತ್ತಿ, ಗೋಂದು ಹಾಕಿದರೆ ನಡು ಉಬ್ಬಿದ ಮಣಿ ಆಗುತ್ತದೆ. ಮೇಲೆ ವಾರ್ನಿಷ್. ಅಂಥ ನೂರಾರು ಮಣಿ ಪೋಣಿಸಿದರೆ ಒಂದು ಪರದೆ. ತಂಗಿಗೆ ಹಾಳೆ ಸಾಲದೆ ಬಂದಿತ್ತು. ಬಣ್ಣದ ಹಾಳೆ ಎಲ್ಲಿದೆ? ಅಣ್ಣನ ಟ್ರಂಕಿನಲ್ಲಿ!

ನಾನು ಸ್ಕೂಲಿಂದ ಬಂದಾಗ ‘ಮಯೂರ’ ಚಿತ್ರದ ಪೋಸ್ಟರು ಮುಕ್ಕಾಲು ಪಾಲು ಮಣಿಯಾಗಿತ್ತು. 1975ರ ಚಿತ್ರ, ಆ ಪೋಸ್ಟರು ಸುಮ್ಮನೆ ಬಂದದ್ದಲ್ಲ. ಗೋಡೆಗೆ ಪೋಸ್ಟರ್ ಹಚ್ಚುವವನ ಹಿಂದೆ ಮೈದಾ ಗೋಂದಿನ ಬಕೆಟ್ ಹೊತ್ತು, ಇಡೀ ಮಧ್ಯಾಹ್ನ ಊರು ಸುತ್ತಿ ಸಂಪಾದಿಸಿದ್ದು! ಕಣ್ಣು ಕತ್ತಲೆ ಬಂತು. ಕೈ ಎತ್ತಿ ಹೊಡೆದೆ. ಅವಳು ಏನೋ ಹೇಳಲು ಬಾಯಿ ತೆಗೆದಳು. ನಾನು ಕೇಳಲಿಲ್ಲ, ಇನ್ನೊಂದು ಹೊಡೆದೆ.

ಅವಳು ಅಳಲಿಲ್ಲ. ನಾಲ್ಕು ದಿನದಲ್ಲಿ ಪರದೆ ಮುಗಿಸಿ ನಡುಮನೆ ಬಾಗಿಲಿಗೆ ಕಟ್ಟಿದಳು. ಆಮೇಲೆ ನಾನು ಒಳಗೆ ಹೋದಾಗೆಲ್ಲ, ಹೊರಗೆ ಬಂದಾಗೆಲ್ಲ ಆ ಮಣಿಗಳು ನನ್ನ ಕೆನ್ನೆಗೆ ತಾಗುತ್ತಿದ್ದವು.

ಇಪ್ಪತ್ತೆರಡು ಕೆ.ಜಿ. ಸಿನಿಮಾ

1984ರಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದೆ. ಗಾಂಧಿನಗರ, ಮೆಜೆಸ್ಟಿಕ್ಕು, ಕೆಂಪೇಗೌಡ ರಸ್ತೆಯ ಎರಡೂ ಬದಿ ಥಿಯೇಟರುಗಳ ಸಾಲು... ಸ್ವರ್ಗ ಅಂದರೆ ಇದೇ ಅಂದುಕೊಂಡೆ. ಟ್ರಂಕು ಊರಲ್ಲೇ ಇತ್ತು. ಮನೆ ಮಾಡಿದ ಮೇಲೆ ತಂದರಾಯ್ತು ಅಂತ.

1986ರಲ್ಲಿ ತಂಗಿಯ ಮದುವೆ. ಎರಡು ದಿನ ಮುಂಚೆ ಊರಿಗೆ ಹೋದೆ. ಜಗಲಿಯಲ್ಲಿ ಹಸಿರು ಪೇಂಟು ಬಳಿದ ಒಂದು ಟ್ರಂಕು ಒಣಗುತ್ತಾ ಇತ್ತು. ಎಲ್ಲೋ ನೋಡಿದ ಹಾಗಿದೆಯಲ್ಲ ಅಂದುಕೊಂಡೆ. ಎದೆ ಧಸಕ್ ಅಂತು.

‘ಅಪ್ಪಾ, ಟ್ರಂಕಿನಲ್ಲಿದ್ದದ್ದು?’

‘ಗುಜರಿಗೆ ಹಾಕಿದೆ ಕಣಪ್ಪ. ಇಪ್ಪತ್ತೆರಡು ಕೆ.ಜಿ. ಬಂತು. ಹೊಸ ಟ್ರಂಕಿನ ರೇಟು ಗೊತ್ತೇನು ನಿನಗೆ? ಹುಡುಗೀನ ಬರೀ ಕೈಯಲ್ಲಿ ಕಳಿಸೋಕಾಗ್ತದಾ?’

ಏನು ಹೇಳಲಿ? ಮದುವೆಯ ಸಾಲ ಅವರ ಮುಖದಲ್ಲೇ ಬರೆದಿತ್ತು. ನಾನು ತಂಗಿಯ ಉಲ್ಲನ್ನಿಗೆ ಯಾವ ಹೆಸರು ಕೊಟ್ಟಿದ್ದೆನೋ, ಅಪ್ಪ ನನ್ನ ಸಿನಿಮಾಕ್ಕೆ ಅದೇ ಹೆಸರು ಕೊಟ್ಟಿದ್ದರು, ಅಷ್ಟೇ.

ಗುಜರಿ ಅಂಗಡಿಗೆ ಓಡಿದೆ. ಸಾಹೇಬರು ಪಾಪ ಒಳ್ಳೆಯವರು. ‘ಹಾಡಿನ ಪುಸ್ತಕ ಎಲ್ಲ ಪೊಟ್ಟಣ ಕಟ್ಟೋರು ತಗೊಂಡು ಹೋದ್ರಲ್ಲಪ್ಪ, ಫಿಲಂ ಚೂರು ಯಾರಿಗೆ ಬೇಕು, ಒಲೆಗೆ ಹಾಕಿದ್ವಿ’ ಅಂದರು. ಸೀದಾ ಕಡ್ಲೆಕಾಯಿ ಗಾಡಿಗೆ ಹೋದೆ. ಸಿನಿಮಾದಲ್ಲಾಗಿದ್ದರೆ ನನ್ನದೇ ಹಾಡಿನ ಪುಸ್ತಕದ ಹಾಳೆಯಲ್ಲಿ ಕಡ್ಲೆಕಾಯಿ ಬರುತ್ತಿತ್ತು, ಹಿನ್ನೆಲೆಯಲ್ಲಿ ಪಿಟೀಲು ಅಳುತ್ತಿತ್ತು. ಜೀವನದಲ್ಲಿ ಹಾಗಾಗಲ್ಲ ಸ್ವಾಮಿ. ಮೂರು ಪೊಟ್ಟಣ ಕೊಂಡೆ. ಮೂರೂ ಯಾರದೋ ಲೆಕ್ಕದ ಪರೀಕ್ಷೆಯ ಉತ್ತರ ಪತ್ರಿಕೆ!

ಕನ್ನಡದ ಮೊದಲ ಮಾತು ಎಲ್ಲಿ?

‘ಹೋಗಲಿ ಬಿಡಿ ಸಾರ್, ಹುಡುಗಾಟದ ಕಾಗದ’ ಅಂತೀರಾ? ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಕಳೆದುಕೊಂಡದ್ದರಲ್ಲಿ ನಾನು ಒಂಟಿಯಲ್ಲ ಅಂತ ಆಮೇಲೆ ಗೊತ್ತಾಯಿತು. ನಾಡೇ ಕಳೆದುಕೊಂಡಿದೆ!

ಕನ್ನಡದ ಮೊದಲ ವಾಕ್ಚಿತ್ರ ಯಾವುದು? ‘ಸತಿ ಸುಲೋಚನ’ ಅಂತ ಯಾವ ಅಭಿಮಾನಿಯೂ ನಿದ್ದೆಯಲ್ಲೂ ಹೇಳುತ್ತಾನೆ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಥಿಯೇಟರಿನಲ್ಲಿ ತೆರೆ ಕಂಡಿತು. ನಿರ್ದೇಶನ ವೈ.ವಿ. ರಾವ್. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾವ್. ಮಾತು, ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದ್ದು. ಚಿತ್ರೀಕರಣ ಕೊಲ್ಲಾಪುರದಲ್ಲಿ. ಇಷ್ಟೆಲ್ಲ ಗೊತ್ತು. ಆದರೆ ಆ ಚಿತ್ರ ನೋಡಬೇಕು ಅಂದರೆ? ಇಲ್ಲ! ಪ್ರಿಂಟು ಉಳಿದಿಲ್ಲ. ಬೆಳ್ಳಿತೆರೆಯ ಮೇಲೆ ಕನ್ನಡ ಮೊದಲ ಬಾರಿಗೆ ಆಡಿದ ಮಾತು ಹೇಗಿತ್ತು ಅಂತ ಕೇಳಿಸಿಕೊಳ್ಳುವ ಭಾಗ್ಯ ನಮಗಿಲ್ಲ.

ಹಿಂದಿಯವರ ಕಥೆಯೂ ಅದೇ. 1931ರ ‘ಆಲಂ ಆರಾ’ ಭಾರತದ ಮೊದಲ ವಾಕ್ಚಿತ್ರ. ಅದೂ ಇಲ್ಲ; ಉಳಿದದ್ದು ಕೆಲವು ಸ್ಟಿಲ್ಲು, ಪ್ರಚಾರದ ಕಾಗದ. ಮೂಕಿ ಕಾಲದ ಸಾವಿರಕ್ಕೂ ಮಿಕ್ಕಿದ ಭಾರತೀಯ ಚಿತ್ರಗಳಲ್ಲಿ ಉಳಿದದ್ದು ತೀರಾ ಕಮ್ಮಿ.

ಯಾಕೆ ಹೀಗಾಯಿತು? 1950ರ ಆಸುಪಾಸಿನವರೆಗೂ ಫಿಲಮ್ಮು ನೈಟ್ರೇಟಿನದ್ದು. ಹಾಳಾಗುತ್ತಾ ಬಂದರೆ ತಾನೇ ತಾನಾಗಿ ಹೊತ್ತಿಕೊಳ್ಳಬಲ್ಲದ್ದು; ನೀರಿನಲ್ಲಿ ಮುಳುಗಿಸಿದರೂ ಉರಿಯುವಂಥದ್ದು! ಎಷ್ಟೋ ಸಿನಿಮಾಗಳು ಹಾಗೆ ಬೂದಿಯಾದವು. ಇನ್ನೊಂದು ಕಾರಣ ಕೇಳಿದರೆ ಹೊಟ್ಟೆ ಉರಿಯುತ್ತದೆ. ಕಪ್ಪು ಬಿಳುಪು ಫಿಲಮ್ಮಿನ ಲೇಪದಲ್ಲಿ ಬೆಳ್ಳಿ ಇರುತ್ತದೆ. ಓಟ ಮುಗಿದ ಪ್ರಿಂಟುಗಳನ್ನು ಆ ಬೆಳ್ಳಿಗಾಗಿ ತೊಳೆದುಬಿಟ್ಟರು. ಬೆಳ್ಳಿತೆರೆಯ ಬೆಳ್ಳಿಯನ್ನೇ ಕೆರೆದು ಮಾರಿದರು, ನೋಡಿ!

ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ. ಅಷ್ಟು ಹೊತ್ತಿಗೆ ಬೇಕಾದಷ್ಟು ಹೋಗಿತ್ತು. ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರ ಹೆಸರು ಕೇಳಿದ್ದೀರಾ? 2016ರಲ್ಲಿ ತೀರಿಕೊಂಡರು. ದಾದಾಸಾಹೇಬ್ ಫಾಲ್ಕೆಯವರ ಉಳಿದ ರೀಲುಗಳನ್ನು ಹುಡುಕಿ ತಂದು ಕಾಪಾಡಿದ ಮಹಾನುಭಾವ. 2012ರಲ್ಲಿ ‘ಸೆಲ್ಯುಲಾಯ್ಡ್ ಮ್ಯಾನ್’ ಅಂತ ಅವರ ಮೇಲೆ ಒಂದು ಸಾಕ್ಷ್ಯಚಿತ್ರವೇ ಬಂತು. ಹುಡುಗನಾಗಿದ್ದಾಗ ಅವರು ಏನು ಮಾಡುತ್ತಿದ್ದರು ಗೊತ್ತೇ? ಸಿನಿಮಾ ಟಿಕೆಟ್ಟಿನ ಚೂರು ಕೂಡಿಡುತ್ತಿದ್ದರು! ಅದನ್ನು ತಿಳಿದ ದಿನ ನಾನು ಒಬ್ಬನೇ ಕೂತು ನಕ್ಕೆ. ಆಮೇಲೆ ಟ್ರಂಕಿನ ನೆನಪಾಗಿ ಸುಮ್ಮನಾದೆ.

ಉಲ್ಲನ್ ಉಂಡೆಯ ಒಳಗೆ

2023ರ ದೀಪಾವಳಿಗೆ ತಿಪಟೂರಿನ ತಂಗಿ ಮನೆಗೆ ಹೋಗಿದ್ದೆ. ಅವಳೂ ಈಗ ಅಜ್ಜಿ. ಮೊಮ್ಮಗನಿಗೆ ಟೋಪಿ ಹೆಣೆಯುತ್ತಾ ಕೂತಿದ್ದಳು. ಪಕ್ಕದಲ್ಲಿ ಏನಿತ್ತು ಹೇಳಿ? ಅದೇ ಬಿಸ್ಕತ್ ಡಬ್ಬ! ತುಕ್ಕು ಹಿಡಿದಿದೆ, ಮುಚ್ಚಳ ಸೊಟ್ಟಗಾಗಿದೆ, ಆದರೂ ಅದೇ.

‘ಇನ್ನೂ ಬಿಟ್ಟಿಲ್ವಾ ಮಾರಾಯ್ತಿ ಇದನ್ನ?’ ಅಂದೆ. ‘ನನ್ನ ಹಳೇ ಉಲ್ಲನ್ ಅಣ್ಣ, ಹಾಳಾಗೋ ಜಾತಿ ಅಲ್ಲ’ ಅಂದಳು. ಮೆರೂನ್ ಉಂಡೆ ನೆಲದ ಮೇಲೆ ಉರುಳಾಡುತ್ತಾ ಬಿಚ್ಚಿಕೊಳ್ಳುತ್ತಿತ್ತು. ನಾವು ಅಪ್ಪನ ವಿಷಯ ಮಾತಾಡುತ್ತಿದ್ದೆವು. ಉಂಡೆ ಸಣ್ಣದಾಯಿತು, ಲಿಂಬೆಹಣ್ಣಿನಷ್ಟಾಯಿತು, ಕೊನೇ ಸುತ್ತು ಬಿಚ್ಚಿತು. ಒಳಗಿಂದ ಮಡಿಸಿದ ಒಂದು ಗುಲಾಬಿ ಕಾಗದ ಹೊರಗೆ ಬಿತ್ತು.

ಎತ್ತಿಕೊಂಡು ಬಿಚ್ಚಿದೆ. ಹ್ಯಾಂಡ್‌ಬಿಲ್! ನಮ್ಮೂರ ಟೂರಿಂಗ್ ಟಾಕೀಸಿನದ್ದು. ದಿನಕ್ಕೆ ಎರಡು ಆಟ. ನೆಲ, ಬೆಂಚು, ಕುರ್ಚಿಯ ದರ. ನಡುವೆ ದಪ್ಪ ಅಕ್ಷರದಲ್ಲಿ ‘ಬೇಡರ ಕಣ್ಣಪ್ಪ’. 1954ರ ಚಿತ್ರ, ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. ಇಪ್ಪತ್ತೆರಡು ವರ್ಷ ಆದ ಮೇಲೂ ನಮ್ಮೂರ ಟೆಂಟಿಗೆ ಮತ್ತೆ ಬಂದಿತ್ತು. ಹೇಗೆ ಗೊತ್ತು ಅಂತೀರಾ? ಕಾಗದ ತಿರುಗಿಸಿ ನೋಡಿದೆ. ಪೆನ್ಸಿಲಿನಲ್ಲಿ, ಹನ್ನೆರಡು ವರ್ಷದ ಹುಡುಗನ ಸೊಟ್ಟ ಅಕ್ಷರದಲ್ಲಿ: 12-3-76.

ನನ್ನ ಕೈ ನಡುಗಿತು. ತಂಗಿ ಹೆಣೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

‘ನೀನು ಎರಡೆರಡು ಇರೋದನ್ನ ಬಿಸಾಕ್ತಿದ್ದೆಯಲ್ಲ ಅಣ್ಣ, ಅದರಲ್ಲಿ ತಗೊಂಡಿದ್ದೆ. ಕದ್ದಿದ್ದಲ್ಲ.’

ಕದ್ದಿದ್ದಲ್ಲ! ನಲವತ್ತನಾಲ್ಕು ವರ್ಷದ ಹಿಂದೆ ನಾನು ಕೊಟ್ಟ ಎರಡು ಏಟು ಇನ್ನೂ ಅವಳ ಮನಸ್ಸಿನಲ್ಲಿತ್ತು. ಅವತ್ತು ಬಾಯಿ ತೆಗೆದು ಹೇಳಲು ಹೊರಟದ್ದನ್ನು ಈಗ ಹೇಳುತ್ತಿದ್ದಾಳೆ ಅನ್ನಿಸಿತು.

‘ಆ ಮಯೂರ ಪೋಸ್ಟರು?’ ಅಂತ ಕೇಳಿದೆ.

‘ಅದು ನೆಂದು ಮೂಲೆಯೆಲ್ಲ ಇಲಿ ಕಡಿದಿತ್ತು. ನೀನು ನೋಡಿರಲಿಲ್ಲ. ಹೇಗೂ ಹೋಗೋದು, ಮಣಿ ಮಾಡಿದ್ರೆ ಉಳೀತದೆ ಅಂತ ಮಾಡಿದೆ.’

ನಾನು ‘ತಪ್ಪಾಯ್ತು ಕಣಮ್ಮ’ ಅಂದೆ. ‘ಬಿಡಣ್ಣ, ಈಗ್ಯಾಕೆ’ ಅಂತ ನಕ್ಕಳು. ಪರದೆ ಏನಾಯಿತು ಅಂದರೆ, ಮಕ್ಕಳು ಎಳೆದಾಡಿ ಯಾವತ್ತೋ ಹರಿದು ಹೋಯಿತಂತೆ. ಡಬ್ಬದ ತಳ ಕೆದಕಿದಳು. ಹನ್ನೊಂದು ಮಣಿ ಸಿಕ್ಕವು. ವಾರ್ನಿಷ್ ಹಳದಿಯಾಗಿದೆ, ಒಳಗೆ ಕೆಂಪು, ಚಿನ್ನದ ಬಣ್ಣ. ನನ್ನ ಅಂಗೈಯಲ್ಲಿ ಹಾಕಿದಳು.

ಇಪ್ಪತ್ತೆರಡು ಕೆ.ಜಿ. ಖಜಾನೆಯಲ್ಲಿ ಉಳಿದದ್ದು ಅಷ್ಟೇ. ಉಳಿಸಿದ್ದು ನಾನಲ್ಲ. ಯಾರ ಡಬ್ಬವನ್ನು ಕಸದ ತೊಟ್ಟಿ ಅಂತ ಕರೆದೆನೋ, ಅವಳು!

ನೀವೂ ಕೂಡಿಡಿ, ಆದರೆ ಹೀಗೆ!

ಈಗ ಫಿಲಮ್ಮೇ ಇಲ್ಲ. 2010ರ ದಶಕದಲ್ಲಿ ನಮ್ಮ ಥಿಯೇಟರುಗಳೆಲ್ಲ ಡಿಜಿಟಲ್ ಆದವು. ಕಿಟಕಿಯಿಂದ ಬೀಳಲು ಚೂರೇ ಇಲ್ಲ. ಹಾಡಿನ ಪುಸ್ತಕ ಹೋಯಿತು. ಸಾಗರ್ ಇಲ್ಲ, ಕಪಾಲಿ ಇಲ್ಲ. ಆದರೆ ಹಳೆಯದು ಇನ್ನೂ ಅಲ್ಲಲ್ಲಿ ಇದೆ ಗೆಳೆಯರೇ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ, ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ, ನಿಮ್ಮೂರ ಗುಜರಿಯಲ್ಲಿ, ನಿಮ್ಮ ಅಜ್ಜಿಯ ಅಟ್ಟದಲ್ಲಿ. ನಾನು ಮತ್ತೆ ಹೆಕ್ಕಲು ಶುರು ಮಾಡಿದ್ದೇನೆ. ನೀವೂ ಬನ್ನಿ. ನಾನು ಪೆಟ್ಟು ತಿಂದು ಕಲಿತ ನಾಲ್ಕು ಮಾತು ಹೇಳುತ್ತೇನೆ.

ಕಾಗದಕ್ಕೆ ಸೆಲ್ಲೋ ಟೇಪು, ರಬ್ಬರ್ ಬ್ಯಾಂಡು, ಪಿನ್ನು ಬೇಡ. ಟೇಪು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಒಮ್ಮೆ ಮಾಡಿಸಿದರೆ ಬಿಡಿಸಲು ಬರುವುದಿಲ್ಲ. ಬಿಸಿಲು, ತೇವ ಎರಡೂ ಶತ್ರು.

ಫಿಲಂ ಚೂರು ಸಿಕ್ಕರೆ ಮೊದಲು ಮೂಸಿ ನೋಡಿ. ವಿನಿಗರ್ ಥರ ಹುಳಿ ವಾಸನೆ ಬಂದರೆ ಅದಕ್ಕೆ ರೋಗ ಹತ್ತಿದೆ; ಉಳಿದವುಗಳಿಂದ ದೂರ ಇಡಿ. ಪ್ಲಾಸ್ಟಿಕ್ ಕವರಿಗಿಂತ ಗಾಳಿಯಾಡುವ ಕಾಗದದ ಕವರು ವಾಸಿ. 70ರ ದಶಕದ ಕಲರ್ ಚೂರು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ. ಆ ಕಾಲದ ಕಲರ್ ಪ್ರಿಂಟುಗಳಲ್ಲಿ ನೀಲಿ, ಹಸಿರು ಮೊದಲು ಮಾಸಿ ಕೆಂಪು ಮಾತ್ರ ಉಳಿಯುತ್ತದೆ. ತೀರಾ ಹಳೆಯ, 1950ಕ್ಕೂ ಹಿಂದಿನ ರೀಲು ಡಬ್ಬ ಸಿಕ್ಕರೆ ಮಾತ್ರ ಹುಡುಗಾಟ ಬೇಡ. ಮನೆಯಲ್ಲಿ ಇಡಬೇಡಿ, ಬೆಂಕಿಯ ಹತ್ತಿರ ಒಯ್ಯಬೇಡಿ, ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ.

ಈಗಿನ ಟಿಕೆಟ್ ಕೂಡಿಡುತ್ತೀರಾ? ಭೇಷ್! ಆದರೆ ಮಿಷನ್ನಿನಿಂದ ಬರುವ ನುಣುಪು ಕಾಗದದ ಟಿಕೆಟ್ಟಿನ ಅಕ್ಷರ ಕೆಲವೇ ವರ್ಷದಲ್ಲಿ ಮಾಯವಾಗುತ್ತದೆ. ಜೆರಾಕ್ಸ್ ತೆಗೆಸಿ, ಇಲ್ಲವೇ ಫೋಟೋ ಹೊಡೆದಿಡಿ.

ಎಲ್ಲದರ ಹಿಂದೆ ಪೆನ್ಸಿಲಿನಲ್ಲಿ ತಾರೀಖು, ಊರು, ಥಿಯೇಟರು ಬರೆಯಿರಿ. ಪೆನ್ನಲ್ಲಿ ಅಲ್ಲ, ಪೆನ್ಸಿಲಿನಲ್ಲಿ. ಇಂಕು ಹರಡುತ್ತದೆ, ಪೆನ್ಸಿಲು ನಿಲ್ಲುತ್ತದೆ. ಉಲ್ಲನ್ ಉಂಡೆಯೊಳಗೆ ನಲವತ್ತು ವರ್ಷ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ!

ಕೊನೇ ಮಾತು. ನೀವು ಕೂಡಿಡುತ್ತಿರುವುದು ಏನು, ಯಾಕೆ ಅಂತ ಮನೆಯವರಿಗೆ ಒಮ್ಮೆ ಕೂತು ಹೇಳಿ. ನಾನು ಅಪ್ಪನಿಗೆ ಯಾವತ್ತೂ ಹೇಳಲಿಲ್ಲ. ಹಾಗೆಯೇ ಮನೆಯಲ್ಲಿ ಇನ್ಯಾರ ಹತ್ತಿರವಾದರೂ ಒಂದು ಡಬ್ಬ ಇದ್ದರೆ, ಅದರಲ್ಲಿ ಉಲ್ಲನ್ ಇರಲಿ, ಗುಂಡಿ ಇರಲಿ, ಒಡೆದ ಬಳೆ ಇರಲಿ, ನಗಬೇಡಿ.

ಆ ಹನ್ನೊಂದು ಮಣಿ ಈಗ ನನ್ನ ಮೇಜಿನ ಮೇಲಿವೆ. ಒಂದನ್ನು ಬಿಚ್ಚಿ ನೋಡೋಣ, ಮಯೂರನ ಕಣ್ಣೋ ಕತ್ತಿಯೋ ಸಿಕ್ಕೀತು ಅಂತ ಎಷ್ಟೋ ಸಲ ಅನ್ನಿಸಿದೆ. ಬಿಚ್ಚಿಲ್ಲ. ಅದು ತಂಗಿ ಸುತ್ತಿದ್ದು.

ಅಗೋ, ನಿಮ್ಮ ಬಸ್ಸು ಬಂತು. ಹತ್ತಿ. ಆದರೆ ಈ ಪತ್ರಿಕೆಯನ್ನು ಸೀಟಿನ ಮೇಲೆ ಬಿಟ್ಟು ಇಳಿದೀರಿ, ಜೋಕೆ!